ಹೋರೆ ಮೂರು ಸಲ ಬಂತು

1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ರೈಲು ಹಳಿಯ ಕೆಲಸಕ್ಕೆ ನೆಲ ಅಗೆಯುವಾಗ ರೋಮನ್ ಬೆಳ್ಳಿ ನಾಣ್ಯಗಳ ನಿಧಿಯೊಂದು ಸಿಕ್ಕಿತು. ಒಟ್ಟು 163 ನಾಣ್ಯ. ಅಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಚಕ್ರವರ್ತಿಗಳ ಕಾಲದವು, ಎಂದರೆ ಸುಮಾರು ಎರಡು ಸಾವಿರ ವರ್ಷ ಹಳೆಯವು. ಇಂದಿನ ರಾಜಾಜಿನಗರಕ್ಕೆ ಅಂಟಿಕೊಂಡ ಈ ನೆಲಕ್ಕೆ ಮೆಡಿಟರೇನಿಯನ್ ಸಮುದ್ರದ ಕಡೆಯ ಹಣ ಅಷ್ಟು ಹಿಂದೆಯೇ ತಲುಪಿತ್ತು. ಆ ಹಣ ಟಂಕಿಸಿದವರು ಹಗಲನ್ನು ಹನ್ನೆರಡು ಪಾಲು ಮಾಡಿ ಒಂದೊಂದು ಪಾಲನ್ನೂ ‘ಹೋರಾ’ ಎನ್ನುತ್ತಿದ್ದರು. ಮಾತು ಗ್ರೀಕರದು, ಲ್ಯಾಟಿನ್ ಅದನ್ನು ಹಾಗೆಯೇ ತೆಗೆದುಕೊಂಡಿತ್ತು.

ನಾಣ್ಯ ವ್ಯಾಪಾರಿಗಳ ಕೈಯಿಂದ ಕೈಗೆ ದಾಟಿ ಬಂತು. ಮಾತು ಬಳಸುದಾರಿ ಹಿಡಿಯಿತು. ಒಂದಲ್ಲ, ಮೂರು ಸಲ ಅದು ಕನ್ನಡ ನಾಡಿಗೆ ಬಂದಿದೆ. ಮೊದಲ ಸಲ ಉಜ್ಜಯಿನಿಯ ಕಡೆಯಿಂದ ಸಂಸ್ಕೃತದೊಳಗೆ ಸೇರಿ ‘ಹೋರೆ’ಯಾಗಿ, ಎರಡನೆಯ ಸಲ ಗೋವಾದಿಂದ ಪೋರ್ಚುಗೀಸರ ಮೂಲಕ ಕೊಂಕಣಿಯ ‘ವೊರ್’ ಆಗಿ, ಮೂರನೆಯ ಸಲ ಇಂಗ್ಲಿಷಿನ ‘ಅವರ್’ ಆಗಿ. ವಿಜಯನಗರದ ಮೆಟ್ರೊ ನಿಲ್ದಾಣದಲ್ಲಿ ‘ಪೀಕ್ ಅವರ್’ ಎಂದು ಗೊಣಗುವವರ ಮನೆಯ ಪಂಚಾಂಗದಲ್ಲಿ ‘ಗುರು ಹೋರೆ’, ‘ಶುಕ್ರ ಹೋರೆ’ ಎಂದು ಅಚ್ಚಾಗಿರುವುದೂ ಅದೇ ಮಾತು. ಇಷ್ಟು ಸಲ ಬಂದರೂ ಸಾಮಾನ್ಯ ಕನ್ನಡಿಗರು ಹೊತ್ತು ಕೇಳುವುದು ‘ಗಂಟೆ ಎಷ್ಟು?’ ಎಂದೇ. ಬಂದ ಮಾತು ಯಾಕೆ ಒಂದೊಂದು ಸಲವೂ ಒಂದೊಂದು ಮೂಲೆಯಲ್ಲೇ ನಿಂತಿತು, ಎಲ್ಲರ ಬಾಯಿಗೆ ‘ಗಂಟೆ’ ಹೇಗೆ ಬಂತು ಎಂಬುದರ ಹಿಂದೆ ದೊಡ್ಡ ಚರಿತ್ರೆಯಿದೆ.

ಋತುವಿನಿಂದ ಹೊತ್ತಿಗೆ

ಗ್ರೀಕರಲ್ಲಿ ಹೋರಾ ಎಂದರೆ ಮೊದಲು ಋತು, ಹದವಾದ ಕಾಲ. ಹೋರೆಯರು ಋತುಗಳ ದೇವತೆಯರು. ಹಗಲನ್ನು ಹನ್ನೆರಡು ಭಾಗ ಮಾಡುವ ಕ್ರಮ ಅವರಿಗೆ ಹೊರಗಿನಿಂದ ಬಂತು. ಬ್ಯಾಬಿಲೋನಿನವರು ಇಡೀ ದಿನವನ್ನು ಹನ್ನೆರಡು ಪಾಲು ಮಾಡುತ್ತಿದ್ದರು. ಈಜಿಪ್ಟಿನವರು ಹಗಲಿಗೆ ಹನ್ನೆರಡು, ಇರುಳಿಗೆ ಹನ್ನೆರಡು ಎಂದು ಎಣಿಸುತ್ತಿದ್ದರು. ಹಗಲಿನ ಹನ್ನೆರಡು ಭಾಗಗಳನ್ನು ಗ್ರೀಕರು ಬ್ಯಾಬಿಲೋನಿನವರಿಂದ ಕಲಿತರೆಂದು ಕ್ರಿಸ್ತಪೂರ್ವ 5ನೆಯ ಶತಮಾನದ ಹೆರೊಡೋಟಸ್ ಬರೆದಿದ್ದಾನೆ. ಮುಂದಿನ ಶತಮಾನಗಳಲ್ಲಿ ಋತುವಿನ ಹೆಸರು ಈ ಸಣ್ಣ ಪಾಲಿಗೆ ಅಂಟಿಕೊಂಡಿತು.

ಆದರೆ ಆ ಹೋರಾ ನಮ್ಮ 60 ನಿಮಿಷದ ಗಂಟೆಯಲ್ಲ. ಸೂರ್ಯ ಹುಟ್ಟಿ ಮುಳುಗುವ ನಡುವಿನ ಹೊತ್ತಿನ ಹನ್ನೆರಡನೆಯ ಒಂದು ಭಾಗ ಅದು. ಬೇಸಿಗೆಯಲ್ಲಿ ಹಗಲಿನ ಹೋರೆ ಉದ್ದ, ಚಳಿಗಾಲದಲ್ಲಿ ಗಿಡ್ಡ. ಹಗಲಿರುಳುಗಳನ್ನು ಸೇರಿಸಿ 24 ಸಮಪಾಲು ಮಾಡುವ ಲೆಕ್ಕ ಕ್ರಿಸ್ತಪೂರ್ವ 2ನೆಯ ಶತಮಾನದ ಹಿಪ್ಪಾರ್ಕಸ್‌ನಂಥ ಖಗೋಳಜ್ಞರಿಗೆ ಬೇಕಿತ್ತು. ಸಂತೆಗೆ ಹೋಗುವವರಿಗೆ ಅದು ಬೇಕಿರಲಿಲ್ಲ. ಆ ಸಮಪಾಲು ಜನಸಾಮಾನ್ಯರ ಬದುಕಿಗೆ ಇಳಿಯಲು ಯುರೋಪಿನಲ್ಲಿ ಯಾಂತ್ರಿಕ ಗಡಿಯಾರ ಬರಬೇಕಾಯಿತು, ಅಂದರೆ 14ನೆಯ ಶತಮಾನದವರೆಗೆ ಕಾಯಬೇಕಾಯಿತು.

ಯವನರ ಮಾತು, ಆಚಾರ್ಯರ ಗ್ರಂಥ

ಹೋರೆ ಬರುವ ಹೊತ್ತಿಗೆ ಭಾರತದಲ್ಲಿ ಕಾಲದ ಅಳತೆಗೇನೂ ಬರವಿರಲಿಲ್ಲ. ದಿನಕ್ಕೆ 30 ಮುಹೂರ್ತ, 60 ನಾಡಿಕೆ ಎಂಬ ಲೆಕ್ಕ ವೇದಾಂಗ ಜ್ಯೋತಿಷದಲ್ಲೇ ಇದೆ. ಮುಹೂರ್ತಕ್ಕೆ 48 ನಿಮಿಷ, ನಾಡಿಕೆಗೆ 24 ನಿಮಿಷ. ನಾಡಿಕೆಯನ್ನು ನೀರಿನ ಸಾಧನದಿಂದ ಅಳೆಯುತ್ತಿದ್ದರು. ಈ ವಿದ್ಯೆಯೇ ಬ್ಯಾಬಿಲೋನಿನಿಂದ ಬಂದದ್ದೆಂದು ಅಮೆರಿಕದ ವಿದ್ವಾಂಸ ಡೇವಿಡ್ ಪಿಂಗ್ರಿ ವಾದಿಸಿದರು; ಇಲ್ಲಿಯೇ ಬೆಳೆದದ್ದೆಂದು ಬೇರೆಯವರು ಉತ್ತರಿಸಿದರು. ಆ ಚರ್ಚೆ ಮುಗಿದಿಲ್ಲ. ಹೋರೆಯ ವಿಷಯದಲ್ಲಿ ಅಂಥ ತಕರಾರು ಕಡಿಮೆ. ಅದು ಜಾತಕಶಾಸ್ತ್ರದ ಜೊತೆ ಗ್ರೀಕರಿಂದ ಬಂತೆಂಬುದನ್ನು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ.

ಯಾವಾಗ ಬಂತು ಎಂಬುದು ಮಾತ್ರ ಬಿಗಿಯಾದ ಪ್ರಶ್ನೆ. ಸ್ಫುಜಿಧ್ವಜನ ಹೆಸರಿನಲ್ಲಿರುವ ‘ಯವನಜಾತಕ’ ಈ ಕಥೆಯ ಮುಖ್ಯ ಸಾಕ್ಷಿ. ನೇಪಾಳದಲ್ಲಿ ಉಳಿದ ಹಸ್ತಪ್ರತಿಯಿಂದ ಪಿಂಗ್ರಿ 1978ರಲ್ಲಿ ಅದನ್ನು ಸಂಪಾದಿಸಿ ಪ್ರಕಟಿಸಿದರು. ಗ್ರೀಕ್ ಗ್ರಂಥವೊಂದು ಕ್ರಿ.ಶ. 149–150ರಲ್ಲಿ ಪಶ್ಚಿಮ ಕ್ಷತ್ರಪರ ಸೀಮೆಯಲ್ಲಿ ಸಂಸ್ಕೃತಕ್ಕೆ ಬಂತು, 269–270ರಲ್ಲಿ ಪದ್ಯವಾಯಿತು ಎಂಬುದು ಅವರ ನಿರ್ಣಯ. ಮೂರು ದಶಕಗಳ ಮೇಲೆ ಬಿಲ್ ಮಾಕ್ ಎಂಬ ವಿದ್ವಾಂಸರು ಹಸ್ತಪ್ರತಿಗಳನ್ನು ಮತ್ತೆ ಓದಿ, ಆ ವರ್ಷಗಳನ್ನು ತೆಗೆದ ಕ್ರಮವೇ ನಿಲ್ಲುವುದಿಲ್ಲ ಎಂದು ತೋರಿಸಿದರು. ವರ್ಷ ಸಡಿಲವಾದರೂ ದಾರಿ ಅಳಿಸಿಹೋಗಲಿಲ್ಲ: ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ, ಪಶ್ಚಿಮ ಮತ್ತು ಮಧ್ಯ ಭಾರತದ ಮೂಲಕ, ಯವನರ, ಎಂದರೆ ಗ್ರೀಕರ, ಜಾತಕವಿದ್ಯೆ ಸಂಸ್ಕೃತಕ್ಕೆ ಇಳಿಯಿತು.

6ನೆಯ ಶತಮಾನದಲ್ಲಿ ಉಜ್ಜಯಿನಿ ಸೀಮೆಯ ಜ್ಯೋತಿಷಿ ವರಾಹಮಿಹಿರನ ಹೊತ್ತಿಗೆ ಆ ವಿದ್ಯೆ ಇಲ್ಲಿನದೇ ಆಗಿತ್ತು. ಅವನ ಬೃಹಜ್ಜಾತಕದಲ್ಲಿ ರಾಶಿಗಳಿಗೆ ಮೇಷ, ವೃಷಭಗಳ ಜೊತೆ ಕ್ರಿಯ, ತಾವುರಿ, ಜಿತುಮ, ಲೇಯ ಎಂಬ ಹೆಸರುಗಳೂ ಇವೆ. ಅವು ಗ್ರೀಕಿನ ಕ್ರಿಯೋಸ್, ತೌರೋಸ್, ದಿದಿಮೋಯ್, ಲೆಯೋನ್. ದ್ರೇಕ್ಕಾಣ, ಪಣಫರ, ಆಪೋಕ್ಲಿಮ ಎಲ್ಲವೂ ಆ ಸೀಮೆಯವೇ. ‘ಕೇಂದ್ರ’ ಕೂಡ ಗ್ರೀಕಿನ ಕೆಂತ್ರೋನ್. ಕೇಂದ್ರ ಸರ್ಕಾರ, ಆರೋಗ್ಯ ಕೇಂದ್ರ ಎನ್ನುವ ನಮಗೆ ಅದು ಪರದೇಶದ ಮಾತೆಂದು ಅನ್ನಿಸುವುದೇ ಇಲ್ಲ.

ಹೋರಾ ಎಂಬ ಮಾತು ಎಲ್ಲಿಯದು ಎಂಬ ಪ್ರಶ್ನೆ ಆಗಲೇ ಎದ್ದಿತ್ತು. ‘ಅಹೋರಾತ್ರ’ದ ಮೊದಲ ಮತ್ತು ಕೊನೆಯ ಅಕ್ಷರ ಬಿಟ್ಟರೆ ‘ಹೋರಾ’ ಉಳಿಯುತ್ತದೆ ಎಂದು ಕೆಲವರು ಹೇಳುತ್ತಾರೆ ಎಂದು ವರಾಹಮಿಹಿರ ಬರೆದಿದ್ದಾನೆ. ‘ಕೆಲವರು’ ಎಂದ, ತಾನು ಹೇಳುತ್ತೇನೆ ಎನ್ನಲಿಲ್ಲ. ಆ ವಿವರಣೆ ಇಂದಿಗೂ ಪಂಚಾಂಗದ ಮುನ್ನುಡಿಗಳಲ್ಲಿ, ಜ್ಯೋತಿಷಿಗಳ ಮಾತಿನಲ್ಲಿ ನಡೆಯುತ್ತಿದೆ. ಕಿವಿಗೆ ಹೊಂದುತ್ತದೆ, ಅರ್ಥವೂ ಕೂಡುತ್ತದೆ. ಆದರೆ ಸುತ್ತಲಿನ ಪರಿಭಾಷೆಯ ಸಾಲು ಸಾಲೇ ಗ್ರೀಕಾಗಿರುವಾಗ ಇದೊಂದನ್ನು ಮಾತ್ರ ಬೇರೆ ಮಾಡುವುದು ಕಷ್ಟ. ಬೃಹತ್ಸಂಹಿತೆಯಲ್ಲಿ ಅದೇ ವರಾಹಮಿಹಿರ, ಯವನರು ಮ್ಲೇಚ್ಛರಾದರೂ ಈ ಶಾಸ್ತ್ರ ಅವರಲ್ಲಿ ಚೆನ್ನಾಗಿ ನೆಲೆಗೊಂಡಿದೆ, ಆದ್ದರಿಂದ ಅವರೂ ಋಷಿಗಳಂತೆ ಪೂಜ್ಯರು ಎಂದು ಹೇಳುತ್ತಾನೆ. ಸಾಲವನ್ನು ಸಾಲವೆಂದು ಒಪ್ಪಿಕೊಂಡ ಈ ಧೈರ್ಯ ದೊಡ್ಡದು.

ಸಂಸ್ಕೃತದಲ್ಲಿ ಹೋರೆಗೆ ಎರಡು ಅರ್ಥ ನೆಲೆಯಾದವು. ಒಂದು, ರಾಶಿಯ ಅರ್ಧ, ಅಂದರೆ 15 ಅಂಶ. ಇನ್ನೊಂದು, ದಿನದ 24ನೆಯ ಒಂದು ಪಾಲು. ದಿನವೊಂದರಲ್ಲಿ ಹನ್ನೆರಡು ರಾಶಿಗಳು ಮೂಡಣದಲ್ಲಿ ಉದಯಿಸುತ್ತವೆ. ಅರ್ಧ ರಾಶಿ ಉದಯಿಸಲು ಸರಾಸರಿ ಒಂದು ಗಂಟೆ. ಹಾಗೆ ಆಕಾಶದ ಅಳತೆಯೂ ಕಾಲದ ಅಳತೆಯೂ ಒಂದೇ ಹೆಸರಿನಲ್ಲಿ ಕೂಡಿದವು.

ವಾರದ ಏಳು ಹೆಸರು

ಹೋರೆ ಪಂಚಾಂಗದೊಳಗೇ ಉಳಿಯಿತು ಎಂದರೂ, ಅದು ಮಾಡಿದ ಒಂದು ಕೆಲಸ ಮಾತ್ರ ಊರೂರಿಗೆ ಹರಡಿತು. ವಾರದ ದಿನಗಳ ಸಾಲು ಹೋರೆಯ ಲೆಕ್ಕದಿಂದಲೇ ಬಂದದ್ದು.

ಸುತ್ತು ಮುಗಿಸಲು ಹಿಡಿಯುವ ಕಾಲದ ಪ್ರಕಾರ ಹಳಬರು ಗ್ರಹಗಳನ್ನು ಶನಿ, ಗುರು, ಕುಜ, ರವಿ, ಶುಕ್ರ, ಬುಧ, ಚಂದ್ರ ಎಂದು ಜೋಡಿಸಿದ್ದರು. ಈ ಸಾಲಿನಂತೆ ದಿನದ ಒಂದೊಂದು ಹೋರೆಗೆ ಒಬ್ಬೊಬ್ಬ ಅಧಿಪತಿ. ಸೂರ್ಯೋದಯದ ಹೋರೆ ಯಾರದೋ ಆ ದಿನ ಅವನದು. ಶನಿಯಿಂದ ಎಣಿಸಿದರೆ 22ನೆಯ ಹೋರೆ ಮತ್ತೆ ಶನಿಯದು, 23 ಗುರು, 24 ಕುಜ. ಮರುದಿನದ ಮೊದಲ ಹೋರೆ ರವಿಗೆ ಬೀಳುತ್ತದೆ. ಆದ್ದರಿಂದ ಶನಿವಾರದ ಬೆನ್ನಿಗೆ ಭಾನುವಾರ. ಹೀಗೇ ಎಣಿಸುತ್ತ ಹೋದರೆ ಸೋಮ, ಮಂಗಳ, ಬುಧ, ಗುರು, ಶುಕ್ರ ತಾವಾಗಿಯೇ ಸಾಲಾಗಿ ಬರುತ್ತವೆ. ದಿನಕ್ಕೆ 24 ಹೋರೆಯ ಲೆಕ್ಕವಿಲ್ಲದೆ ಈ ಕ್ರಮ ಬರುವುದೇ ಇಲ್ಲ. ಲಂಡನ್ನಿನಲ್ಲೂ ಕೆಂಗೇರಿಯಲ್ಲೂ ವಾರದ ಸಾಲು ಒಂದೇ ಆಗಿರುವುದಕ್ಕೆ ಇದೇ ಕಾರಣ.

ಭಾರತದ ಶಾಸನಗಳಲ್ಲಿ ವಾರದ ಹೆಸರು ಮೊದಲ ಬಾರಿ ಖಚಿತವಾಗಿ ಸಿಗುವುದು ಮಧ್ಯಪ್ರದೇಶದ ಏರಣ್‌ನಲ್ಲಿ, ಬುಧಗುಪ್ತನ ಕಾಲದ ಕ್ರಿ.ಶ. 484ರ ಶಾಸನದಲ್ಲಿ. ಅಂದು ಗುರುವಾರ. ಮುಂದಿನ ಶತಮಾನಗಳಲ್ಲಿ ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿಗಳ ಜೊತೆ ವಾರವನ್ನು ಹೇಳುವುದು ಕನ್ನಡ ಶಾಸನಗಳ ರೂಢಿಯಾಯಿತು. ಆದಿತ್ಯವಾರ, ಬೃಹಸ್ಪತಿವಾರಗಳ ಜೊತೆ ಶನಿವಾರಕ್ಕೆ ‘ವಡ್ಡವಾರ’ ಎಂಬ ನಮ್ಮದೇ ಹೆಸರೂ ಅಲ್ಲಿ ಸಿಗುತ್ತದೆ.

ಜಾತಕವಿದ್ಯೆ ಕನ್ನಡದಲ್ಲೇ ಗ್ರಂಥವಾಗಿ ಬಂದದ್ದು 1049ರಲ್ಲಿ. ಕಲ್ಯಾಣದ ಚಾಲುಕ್ಯ ಆಹವಮಲ್ಲ ಸೋಮೇಶ್ವರನ ಆಳ್ವಿಕೆಯಲ್ಲಿ ಶ್ರೀಧರಾಚಾರ್ಯನೆಂಬ ಜೈನ ಕವಿ ‘ಜಾತಕತಿಲಕ’ ಬರೆದ. ಜ್ಯೋತಿಷದ ಮೇಲೆ ಕನ್ನಡದಲ್ಲಿ ಹುಟ್ಟಿದ ಮೊದಲ ಕೃತಿ ಅದು. ಅಲೆಕ್ಸಾಂಡ್ರಿಯದ ಕಡೆಯಿಂದ ಹೊರಟ ವಿದ್ಯೆ ಸಂಸ್ಕೃತವನ್ನು ಹಾದು ಕನ್ನಡದ ಕಂದವೃತ್ತಗಳಿಗೆ ಬರಲು ಸುಮಾರು ಸಾವಿರ ವರ್ಷ ಹಿಡಿಯಿತು.

ನೀರಿನ ಬಟ್ಟಲು, ಕಂಚಿನ ತಾಸು

ಇಷ್ಟಾದರೂ ಹೊಲಕ್ಕೆ, ಸಂತೆಗೆ, ಮದುವೆಗೆ ಹೋಗುವವರ ಬಾಯಲ್ಲಿ ಹೋರೆ ಇರಲಿಲ್ಲ. ಅವರದು ಹೊತ್ತು, ಜಾವ, ಘಳಿಗೆ. ಕಾರಣ ಸರಳ. ಘಳಿಗೆಗೆ ಒಂದು ಪಾತ್ರೆ ಇತ್ತು, ಹೋರೆಗೆ ಇರಲಿಲ್ಲ.

ಘಟಿಕಾ ಎಂದರೆ ಸಣ್ಣ ಗಡಿಗೆ. ಅರೆಗೋಲದ ತಾಮ್ರದ ಬಟ್ಟಲು, ತಳದಲ್ಲಿ ಸಣ್ಣ ತೂತು. ದೊಡ್ಡ ಪಾತ್ರೆಯ ನೀರಿನ ಮೇಲೆ ತೇಲಿಬಿಟ್ಟರೆ ನೀರು ಮೆಲ್ಲಗೆ ಒಳನುಗ್ಗಿ 24 ನಿಮಿಷಕ್ಕೆ ಬಟ್ಟಲು ಮುಳುಗುತ್ತದೆ. ಅದು ಒಂದು ಘಳಿಗೆ. ಎತ್ತಿ ಮತ್ತೆ ಬಿಡಬೇಕು. ಹಗಲಿರುಳು ಸೇರಿ 60 ಸಲ. ಕ್ರಿ.ಶ. 476ರಲ್ಲಿ ಹುಟ್ಟಿದ ಆರ್ಯಭಟನ ಕಾಲಕ್ಕೆ ಈ ಮುಳುಗುವ ಬಟ್ಟಲು ಬಳಕೆಗೆ ಬಂದಿತ್ತು. ಅರಮನೆ, ದೇವಸ್ಥಾನಗಳಲ್ಲಿ ಅದನ್ನು ಕಾಯುವವರು ಬಟ್ಟಲು ಮುಳುಗಿದಾಗಲೆಲ್ಲ ಕಂಚನ್ನು ಬಾರಿಸಿ ಊರಿಗೆ ತಿಳಿಸುತ್ತಿದ್ದರು. ಮದುವೆಯ ಮುಹೂರ್ತ ತಪ್ಪಬಾರದೆಂದು ಚಪ್ಪರದಲ್ಲಿ ಘಳಿಗೆ ಬಟ್ಟಲು ಇಟ್ಟು ಪೂಜಿಸುವ ಪದ್ಧತಿ ಬಹುಕಾಲ ನಡೆಯಿತು. ಒಳ್ಳೆ ಘಳಿಗೆ, ಕೆಟ್ಟ ಘಳಿಗೆ, ಘಳಿಗೆಗೊಂದು ಮಾತು ಎನ್ನುವ ನುಡಿಗಳು ಈ ಬಟ್ಟಲಿನಿಂದ ಬಂದವು. ‘ಗಡಿಯಾರ’ ಕೂಡ ಅದೇ ಮನೆತನದ ಪದ.

ಜೋಯಿಸರಿಗೆ ಹೋರೆಯನ್ನು ಲೆಕ್ಕ ಹಾಕಿ ತಿಳಿಯಲು ಬರುತ್ತಿತ್ತು: ಎರಡೂವರೆ ಘಳಿಗೆಗೆ ಒಂದು ಹೋರೆ. ಆದರೆ ಹೋರೆಗೊಮ್ಮೆ ಬಾರಿಸುವವರು ಯಾರೂ ಇರಲಿಲ್ಲ. ಕಿವಿಗೆ ಬೀಳದ ಕಾಲಮಾನ ನಾಲಿಗೆಗೂ ಬರಲಿಲ್ಲ.

ಬಾರಿಸುವ ಈ ಕೆಲಸಕ್ಕೆ ಸುಲ್ತಾನರ ಕಾಲದಲ್ಲಿ ಹೊಸ ಮಾತು ಬಂತು. ದೆಹಲಿಯಲ್ಲಿ 1351ರಿಂದ 1388ರವರೆಗೆ ಆಳಿದ ಫಿರೋಜ್ ಷಾ ತುಘಲಕ್ ತನ್ನ ಹೊಸ ನಗರ ಫಿರೋಜಾಬಾದಿನಲ್ಲಿ ‘ತಾಸ್-ಎ-ಘಡಿಯಾಲ್’ ಏರ್ಪಡಿಸಿದ ಕಥೆಯನ್ನು ಚರಿತ್ರೆಕಾರ ಶಮ್ಸ್ ಸಿರಾಜ್ ಅಫೀಫ್ ವಿಸ್ತಾರವಾಗಿ ಬರೆದಿದ್ದಾನೆ. ಮೋಡ ಮುಚ್ಚಿದ ದಿನವೂ ನಮಾಜಿನ ಹೊತ್ತು, ಉಪವಾಸ ಬಿಡುವ ಹೊತ್ತು ತಿಳಿಯಲೆಂದು ಅದರ ಉಪಯೋಗಗಳನ್ನು ಪಟ್ಟಿ ಮಾಡುತ್ತಾನೆ. ಬಟ್ಟಲು ಇಲ್ಲಿನದು, ಅದನ್ನು ಬಳಸಿದ ಅಗತ್ಯ ಹೊಸದು. ಮುಂದೆ 1520ರ ದಶಕದಲ್ಲಿ ಬಾಬರನೂ ಹಿಂದೂಸ್ಥಾನದಲ್ಲಿ ಘಳಿಗೆ ಬಾರಿಸುವ ಘಡಿಯಾಲಿಗಳನ್ನು ಕುತೂಹಲದಿಂದ ವರ್ಣಿಸಿದ. ರಾತ್ರಿ ಎಚ್ಚರವಾದವರಿಗೆ ಘಳಿಗೆಯ ಬಡಿತ ಕೇಳಿದರೂ ಎಷ್ಟನೆಯ ಜಾವ ಎಂದು ತಿಳಿಯದು; ಆದ್ದರಿಂದ ಜಾವದ ಲೆಕ್ಕವನ್ನೂ ಜೊತೆಗೆ ಬಾರಿಸಿ ಎಂದು ಅಪ್ಪಣೆ ಮಾಡಿದ.

ತಾಸ್ ಎಂದರೆ ಪಾರಸಿ, ಅರಬ್ಬಿಗಳಲ್ಲಿ ಲೋಹದ ಬಟ್ಟಲು. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿತು, ಕಲಬುರಗಿ ಅದರ ರಾಜಧಾನಿಯಾಯಿತು. ಆಮೇಲೆ ಬೀದರ್, ಬಿಜಾಪುರ. ಪಾರಸಿ ಆಡಳಿತದ ಭಾಷೆಯಾಗಿದ್ದ ಈ ನೆಲದಲ್ಲಿ ಬಟ್ಟಲಿನ ಹೆಸರು ಬಾರಿಸುವ ಕಂಚಿಗೂ, ಕಂಚಿನ ಹೆಸರು ಹೊತ್ತಿಗೂ ಸಂದಿತು. ಮರಾಠಿಯಲ್ಲಿ ‘ತಾಸ್’, ಉತ್ತರ ಕರ್ನಾಟಕದ ಕನ್ನಡದಲ್ಲಿ ‘ತಾಸು’. ಅದೇ ಬಟ್ಟಲು ಅರಬ್ಬರ ಕೈಯಿಂದ ಪಶ್ಚಿಮಕ್ಕೂ ಹೋಯಿತು. ಫ್ರೆಂಚಿನ ‘ತಾಸ್’, ಜರ್ಮನ್ನಿನ ‘ತಾಸ್ಸೆ’, ಇಟಾಲಿಯನ್ನಿನ ‘ತಾತ್ಸಾ’ ಇವೇ, ಆದರೆ ಅಲ್ಲಿ ಅರ್ಥ ಕಾಫಿ, ಚಹಾ ಕುಡಿಯುವ ಲೋಟ. ಅಲ್ಲಿ ಪಾತ್ರೆ ಪಾತ್ರೆಯಾಗಿಯೇ ಉಳಿಯಿತು, ದಖ್ಖನ್ನಿನಲ್ಲಿ ಕಾಲವಾಯಿತು. ಹುಬ್ಬಳ್ಳಿ, ವಿಜಯಪುರದ ಕಡೆಯಿಂದ ಬಂದು ಬಸವೇಶ್ವರನಗರದಲ್ಲಿ ನೆಲೆಸಿದವರು ‘ಎರಡ್ ತಾಸು ಆತ್ರೀ’ ಎನ್ನುವಾಗ ಪಕ್ಕದ ಮನೆಯವರು ‘ಎರಡು ಗಂಟೆ ಆಯ್ತು’ ಎನ್ನುತ್ತಾರೆ. ಒಂದೇ ಬೀದಿಯ ಈ ಎರಡು ಮಾತುಗಳ ನಡುವೆ ಬಹಮನಿ, ಆದಿಲ್‌ಶಾಹಿಗಳ ಮೂರು ಶತಮಾನಗಳ ಆಡಳಿತದ ಗುರುತಿದೆ.

ಗೋವಾದ ಗಂಟೆ, ಕರಾವಳಿಯ ವೊರ್

1510ರಲ್ಲಿ ಪೋರ್ಚುಗೀಸರು ಬಿಜಾಪುರದವರಿಂದ ಗೋವಾ ಗೆದ್ದುಕೊಂಡರು. ಅವರ ಜೊತೆ ಇಗರ್ಜಿ ಬಂತು, ಇಗರ್ಜಿಯ ಗಂಟೆ ಬಂತು. ಕ್ರೈಸ್ತ ಮಠಗಳಲ್ಲಿ ದಿನದ ಪ್ರಾರ್ಥನೆಗಳಿಗೆ ‘ಹೋರೆ’ಗಳೆಂದೇ ಹೆಸರು. ಬೆಳಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತಿನ ಪ್ರಾರ್ಥನೆಗೆ ಗಂಟೆ ಬಾರಿಸುವುದು ಊರಿನ ದಿನಚರಿಯನ್ನೇ ಕಟ್ಟಿತು. ಹಳೆ ಗೋವಾದ ಸೆ ಕೆಥೆಡ್ರಲಿನ ‘ಚಿನ್ನದ ಗಂಟೆ’ ಇಂದಿಗೂ ಪ್ರಸಿದ್ಧ. ಪೋರ್ಚುಗೀಸಿನಲ್ಲಿ ‘ಹೋರಾ’ದ ಹಕಾರ ಉಚ್ಚಾರದಲ್ಲಿಲ್ಲ. ಆ ‘ಓರಾ’ ಗೋವಾದ ಕ್ರೈಸ್ತರ ಕೊಂಕಣಿಯಲ್ಲಿ ‘ವೊರ್’ ಆಯಿತು, ಬಹುವಚನದಲ್ಲಿ ‘ವೊರಾಂ’.

1579ರಲ್ಲಿ ಗೋವಾಕ್ಕೆ ಬಂದ ಥಾಮಸ್ ಸ್ಟೀಫನ್ಸ್ ಎಂಬ ಇಂಗ್ಲೆಂಡಿನ ಜೆಸ್ಯೂಟ್ ಪಾದ್ರಿ ಕೊಂಕಣಿಗೆ ವ್ಯಾಕರಣ ಬರೆದ. ಅವನು ತೀರಿಕೊಂಡ ಮೇಲೆ, 1640ರಲ್ಲಿ, ಅದು ರಾಚೋಲದಲ್ಲಿ ಅಚ್ಚಾಯಿತು. ಹೀಗೆ ಮಿಷನರಿಗಳ ಪಾಠ, ಪ್ರಾರ್ಥನೆ, ಅಚ್ಚಿನ ಮೂಲಕ ಪೋರ್ಚುಗೀಸ್ ಮಾತುಗಳು ಕೊಂಕಣಿಯೊಳಗೆ ನೆಲೆಯೂರಿದ ಶತಮಾನಗಳಲ್ಲೇ ಗೋವಾದ ಕುಟುಂಬಗಳು ಗುಂಪು ಗುಂಪಾಗಿ ದಕ್ಷಿಣಕ್ಕೆ, ಕೆನರಾ ಜಿಲ್ಲೆಗಳಿಗೆ ವಲಸೆ ಬಂದವು. 1784ರಲ್ಲಿ ಟಿಪ್ಪು ಮಂಗಳೂರಿನ ಕ್ಯಾಥೊಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ; 1799ರಲ್ಲಿ ಅವನು ಮಡಿದ ಮೇಲೆ ಉಳಿದವರು ಮರಳಿದರು. ಊರು, ಮನೆ, ಇಗರ್ಜಿಗಳನ್ನು ಕಳೆದುಕೊಂಡು ಮತ್ತೆ ಕಟ್ಟಿಕೊಂಡ ಆ ಜನರ ನುಡಿಯಲ್ಲಿ ‘ವೊರ್’ ಉಳಿದೇ ಇದೆ. ಈಗ ಅವರು ಅದನ್ನು ಬರೆಯುವುದು ಕನ್ನಡ ಲಿಪಿಯಲ್ಲಿ.

ಎರಡನೆಯ ಸಲ ಬಂದ ಹೋರೆಯ ಗಡಿ ಇಗರ್ಜಿಯ ಗಡಿಯೇ ಆಯಿತು. ಅದೇ ಮಂಗಳೂರಿನ ತುಳು ಮನೆಯಲ್ಲಿ ‘ಗಂಟೆ’, ಪಕ್ಕದ ಕ್ರೈಸ್ತ ಕೊಂಕಣಿ ಮನೆಯಲ್ಲಿ ‘ವೊರ್’. ಉಜ್ಜಯಿನಿಯಿಂದ ಬಂದ ಹೋರೆ ಪಂಚಾಂಗ ಓದುವವರದಾಯಿತು, ಗೋವಾದಿಂದ ಬಂದದ್ದು ಪ್ರಾರ್ಥನೆಗೆ ಸೇರುವವರದಾಯಿತು. ಎರಡೂ ಒಂದೇ ತಾಯಿಯ ಮಕ್ಕಳೆಂಬುದು ಇಬ್ಬರಿಗೂ ತಿಳಿಯದಷ್ಟು ಕಾಲ ಕಳೆದಿತ್ತು.

ರೈಲು ತಂದ ವೇಳೆ

ಬೆಂಗಳೂರಿಗೆ 60 ನಿಮಿಷದ, ಎಲ್ಲರಿಗೂ ಒಂದೇ ಆದ ಹೊತ್ತು ಬಂದದ್ದು ಮದ್ರಾಸಿನಿಂದ. 1864ರಲ್ಲಿ ದಂಡಿನ ನಿಲ್ದಾಣಕ್ಕೂ ಜೋಲಾರ್‌ಪೇಟೆಗೂ ರೈಲು ಕೂಡಿತು. ಅಲ್ಲಿಯವರೆಗೆ ಊರೂರಿನ ನಡುಹಗಲು ಬೇರೆ ಬೇರೆ. ನೆತ್ತಿಯ ಮೇಲೆ ಸೂರ್ಯ ಬಂದಾಗ ಮಧ್ಯಾಹ್ನ. ಬೆಂಗಳೂರಿನ ಮಧ್ಯಾಹ್ನ ಮದ್ರಾಸಿಗಿಂತ ಹತ್ತು ಹನ್ನೊಂದು ನಿಮಿಷ ತಡ. ರೈಲಿನ ವೇಳಾಪಟ್ಟಿ ಇಂಥ ವ್ಯತ್ಯಾಸವನ್ನು ತಾಳಲಾರದು. 1792ರಿಂದ ಕೆಲಸ ಮಾಡುತ್ತಿದ್ದ ಮದ್ರಾಸಿನ ಖಗೋಳ ವೀಕ್ಷಣಾಲಯದ ವೇಳೆಯೇ 1870ರಿಂದ ದೇಶದ ರೈಲ್ವೆಗಳ ವೇಳೆಯಾಯಿತು.

1876–78ರ ಭೀಕರ ಬರದಲ್ಲಿ ಮೈಸೂರು ಸೀಮೆಯ ಹಸಿದ ಜನಕ್ಕೆ ಕೂಲಿ ಕೊಡಲು ಬೆಂಗಳೂರು–ಮೈಸೂರು ಹಳಿಯ ಕೆಲಸ ಶುರುವಾಯಿತು. 1881–82ರಲ್ಲಿ ಆ ದಾರಿ ತೆರೆಯಿತು. ಕೆಂಗೇರಿ ಅದರ ಮೇಲಿನ ಊರು. ಅಲ್ಲಿನ ರೈತರಿಗೆ ನಿಮಿಷ ಎಂಬುದಕ್ಕೆ ಬೆಲೆ ಬಂದದ್ದು ಆಗ. ಐದು ನಿಮಿಷ ತಡವಾದರೆ ರೈಲು ಕಾಯುವುದಿಲ್ಲ. 1906ರ ಜನವರಿ 1ರಿಂದ 82 ಅಂಶ 30 ಕಲೆಯ ರೇಖಾಂಶದ ಭಾರತೀಯ ಪ್ರಮಾಣ ಸಮಯ ಬಂತು. ಮುಂಬೈ, ಕಲ್ಕತ್ತಗಳು ದಶಕಗಟ್ಟಲೆ ವಿರೋಧಿಸಿದವು. ಬೆಂಗಳೂರಿನಲ್ಲಿ ಗಡಿಯಾರದ ಹನ್ನೆರಡಕ್ಕೂ ಸೂರ್ಯ ನೆತ್ತಿಗೆ ಬರುವುದಕ್ಕೂ ಸರಾಸರಿ 20 ನಿಮಿಷದ ಅಂತರ ಇಂದಿಗೂ ಇದೆ. ಹೋರೆ, ರಾಹುಕಾಲಗಳನ್ನು ಸೂರ್ಯೋದಯದಿಂದ ಎಣಿಸುವ ಪಂಚಾಂಗಕರ್ತರು ಈ ಅಂತರವನ್ನು ವರ್ಷವರ್ಷವೂ ಲೆಕ್ಕಕ್ಕೆ ಹಿಡಿಯುತ್ತಾರೆ.

ಹೊಸ ಹೊತ್ತನ್ನು ಊರಿಗೆ ಕೇಳಿಸಿದ್ದು ನಿಲ್ದಾಣ, ಶಾಲೆ, ಕಚೇರಿಗಳ ಗಂಟೆ. ಹಾಗಾಗಿ ಆ ಹೊತ್ತಿಗೆ ಗಂಟೆಯದೇ ಹೆಸರು ನಿಂತಿತು. ಕನ್ನಡದ ‘ಗಂಟೆ’, ತೆಲುಗಿನ ‘ಗಂಟ’, ಹಿಂದಿಯ ‘ಘಂಟಾ’ ಸಂಸ್ಕೃತದ ಒಂದೇ ಮಾತು. ತಮಿಳರ, ಮಲಯಾಳಿಗಳ ‘ಮಣಿ’ ಕೂಡ ಬಾರಿಸುವ ಗಂಟೆಯೇ. ಗುಜರಾತಿಗಳು ‘ಕಲಾಕ್’ ಎನ್ನುತ್ತಾರೆ. ಅದು ಇಂಗ್ಲಿಷಿನ ಕ್ಲಾಕ್, ಆ ಕ್ಲಾಕ್ ಕೂಡ ಮಧ್ಯಯುಗದ ಲ್ಯಾಟಿನ್ನಿನ ‘ಕ್ಲೊಕ್ಕ’, ಎಂದರೆ ಗಂಟೆ. ಗಡಿಗೆಯಿಂದ ಘಳಿಗೆ, ಬಟ್ಟಲಿನಿಂದ ತಾಸು, ಬಾರಿಸುವ ಲೋಹದಿಂದ ಗಂಟೆ, ಮಣಿ, ಕಲಾಕ್. ಎಲ್ಲಿ ನೋಡಿದರೂ ಜನ ಹೊತ್ತಿಗೆ ಇಟ್ಟದ್ದು ಅದನ್ನು ತಿಳಿಸಿದ ವಸ್ತುವಿನ ಹೆಸರನ್ನು. 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ ಮೈಸೂರಿನಲ್ಲಿ ದೊಡ್ಡ ಗಡಿಯಾರ ಎದ್ದಾಗ ಅದರ ಮುಖದ ಮೇಲೆ ಕನ್ನಡ ಅಂಕಿಗಳೇ ಇದ್ದವು. ಪರದೇಶದ ಲೆಕ್ಕ ಅಷ್ಟರಲ್ಲಿ ಪೂರ್ತಿ ಮನೆಯದಾಗಿತ್ತು.

ಗಿರಣಿಯ ಸೈರನ್

ಪಶ್ಚಿಮ ಬೆಂಗಳೂರಿಗೆ ಗಂಟೆಯ ಬಿಗಿ ನಿಜವಾಗಿ ತಟ್ಟಿದ್ದು ಗಿರಣಿಗಳಿಂದ. 1884ರಲ್ಲಿ ಶುರುವಾದ ಹತ್ತಿ, ಉಣ್ಣೆ, ರೇಷ್ಮೆ ಗಿರಣಿ ಎರಡು ವರ್ಷಗಳಲ್ಲಿ ಬಿನ್ನಿ ಕಂಪನಿಯ ಕೈಸೇರಿತು. ಬಿನ್ನಿಪೇಟೆಯ ಹೆಸರು ಅಲ್ಲಿಂದಲೇ. ಮಾಗಡಿ ರಸ್ತೆಯ ಸುತ್ತ ಮಿನರ್ವಾ ಮೊದಲಾದ ಗಿರಣಿಗಳೂ ಎದ್ದವು. ಮೈಲಿಗಳಾಚೆ ಕೇಳುವ ಸೈರನ್ನಿಗೆ ಗಿರಣಿಯವರಷ್ಟೇ ಅಲ್ಲ, ಸುತ್ತಲಿನ ಕೇರಿಗಳೂ ಏಳತೊಡಗಿದವು. ಒಲೆ ಹಚ್ಚುವುದು, ಬುತ್ತಿ ಕಟ್ಟುವುದು, ಮಕ್ಕಳನ್ನು ಶಾಲೆಗೆ ಅಟ್ಟುವುದು ಎಲ್ಲ ಅದರ ಲೆಕ್ಕದಲ್ಲಿ.

ಇಲ್ಲಿ ಗಂಟೆ ಶುಭಾಶುಭದ ಅಳತೆಯಾಗಿ, ಪ್ರಾರ್ಥನೆಯ ಕರೆಯಾಗಿ ಉಳಿಯದೆ ಮಾರುವ, ಕೊಳ್ಳುವ ಸರಕಾಯಿತು. ಅದರ ಎಣಿಕೆಯ ಮೇಲೆ ಹೋರಾಟ ನಡೆದದ್ದು ಅದಕ್ಕೇ. ಬ್ರಿಟಿಷ್ ಭಾರತದ 1911ರ ಕಾರ್ಖಾನೆ ಕಾಯ್ದೆ ಬಟ್ಟೆ ಗಿರಣಿಯ ಗಂಡಾಳಿಗೆ ದಿನಕ್ಕೆ 12 ಗಂಟೆಯ ಮಿತಿ ಹಾಕಿತು. 1922ರಲ್ಲಿ ವಾರಕ್ಕೆ 60 ಗಂಟೆ, 1934ರಲ್ಲಿ 54. ಮೈಸೂರು ಸಂಸ್ಥಾನ ತನ್ನದೇ ಕಾನೂನು ಮಾಡಿಕೊಂಡಿತ್ತು. ಸ್ವತಂತ್ರ ಭಾರತದ 1948ರ ಕಾಯ್ದೆ ಇಡೀ ದೇಶಕ್ಕೆ ದಿನಕ್ಕೆ 9, ವಾರಕ್ಕೆ 48 ಗಂಟೆ ಎಂದು ನಿಲ್ಲಿಸಿತು. ಒಂದೊಂದು ಗಂಟೆ ಇಳಿಯುವುದರ ಹಿಂದೆಯೂ ಮುಷ್ಕರ, ಸೆರೆಮನೆ, ಖಾಲಿ ಹೊಟ್ಟೆ ಇದ್ದವು.

ಆ ಕಾಯ್ದೆಯ ಬೆನ್ನಿಗೇ ಬೆಳೆದದ್ದು ರಾಜಾಜಿನಗರ ಮತ್ತು ಅದರ ಕೈಗಾರಿಕಾ ಎಸ್ಟೇಟ್. ಲೇತ್ ಯಂತ್ರದ ಮುಂದೆ ನಿಂತವರ ನುಡಿಗೆ ‘ಶಿಫ್ಟು’, ‘ಓಟಿ’, ‘ಅವರ್’ ಸೇರಿದವು. ಜಾಲಹಳ್ಳಿಯಲ್ಲಿ ಎಚ್‌ಎಂಟಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಕೈಗಡಿಯಾರ ತಯಾರಿಸತೊಡಗಿದ ಮೇಲೆ, ಗಿರಣಿಯ ಸೈರನ್ ಹೇಳುತ್ತಿದ್ದ ಹೊತ್ತು ಕಾರ್ಮಿಕರ ಮಣಿಕಟ್ಟಿಗೇ ಬಂತು. ಮೂರನೆಯ ಹೋರೆ ಬಂದದ್ದು ಹೀಗೆ. ಫ್ರೆಂಚಿನ ಮೂಲಕ ಇಂಗ್ಲಿಷಿಗೆ ದಾಟಿದ ಲ್ಯಾಟಿನ್ ಹೋರಾ, ಹಕಾರ ಕಳೆದುಕೊಂಡು ‘ಅವರ್’ ಆಗಿ, ಕೆಲಸದ ಜಾಗದಿಂದ ಬೀದಿಗಿಳಿಯಿತು. 2015ರಲ್ಲಿ ವಿಜಯನಗರದ ದಾರಿಯಾಗಿ ಮೈಸೂರು ರಸ್ತೆಗೂ 2021ರಲ್ಲಿ ಕೆಂಗೇರಿಗೂ ಮೆಟ್ರೊ ಬಂದ ಮೇಲೆ ‘ಪೀಕ್ ಅವರ್’ ಈ ಭಾಗದ ಎಲ್ಲರ ಮಾತಾಗಿದೆ.

ಎಣಿಸುವವರು ಯಾರು

ಈ ಮೂರು ಬರವುಗಳನ್ನು ಒಟ್ಟಿಗೆ ನೋಡಿದರೆ ಒಂದು ಸಂಗತಿ ಸ್ಪಷ್ಟ. ಕಾಲದ ಮಾತು ಎಷ್ಟು ದೂರ ಹರಡುತ್ತದೆ ಎಂಬುದನ್ನು ಅದರ ಇಂಪು ನಿರ್ಧರಿಸಲಿಲ್ಲ, ಹುಟ್ಟೂ ನಿರ್ಧರಿಸಲಿಲ್ಲ. ಅದನ್ನು ಬಾರಿಸಿದ ಅಧಿಕಾರದ ಕೈ ಎಲ್ಲಿಯವರೆಗೆ ಚಾಚಿತ್ತೋ ಅಲ್ಲಿಯವರೆಗೆ ಅದು ಹೋಯಿತು. ಜೋಯಿಸರ ಕೈ ಜಾತಕದವರೆಗೆ, ಪಾದ್ರಿಗಳ ಕೈ ಇಗರ್ಜಿಯವರೆಗೆ, ಸುಲ್ತಾನರ ಕೈ ಕೃಷ್ಣೆ, ಭೀಮೆಯರ ಬಯಲಿನವರೆಗೆ. ರೈಲು, ಗಿರಣಿ, ಕಚೇರಿಗಳ ಕೈ ಮಾತ್ರ ಎಲ್ಲರ ಮನೆಯೊಳಗೆ ಬಂತು.

ಮಾತನ್ನು ಬರಮಾಡಿಕೊಳ್ಳುವಲ್ಲಿ ಕನ್ನಡ ಎಂದೂ ಹಿಂಜರಿಯಲಿಲ್ಲ. ಗ್ರೀಕಿನ ಹೋರೆ, ಪಾರಸಿಯ ತಾಸು, ಸಂಸ್ಕೃತದ ಗಂಟೆ, ಇಂಗ್ಲಿಷಿನ ಅವರ್ ಎಲ್ಲಕ್ಕೂ ತನ್ನ ವಿಭಕ್ತಿ ಹಚ್ಚಿ ಒಳಗೆ ಕೂರಿಸಿಕೊಂಡಿದೆ. ಅದರಿಂದ ನುಡಿ ಬಡವಾಗಲಿಲ್ಲ, ಬೆಳೆಯಿತು. ಆದರೆ ಗಂಟೆಗಳ ಎಣಿಕೆಯನ್ನು ಅಷ್ಟೇ ಸಲೀಸಾಗಿ ಒಪ್ಪಿಕೊಳ್ಳುವಂತಿಲ್ಲ. 2023ರ ಫೆಬ್ರವರಿಯಲ್ಲಿ ರಾಜ್ಯದ ವಿಧಾನಮಂಡಲ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರದ 48 ಗಂಟೆಯ ಮಿತಿಯನ್ನು ಉಳಿಸಿಕೊಂಡೇ, ದಿನದ ದುಡಿಮೆಯನ್ನು 12 ಗಂಟೆಯವರೆಗೆ ಚಾಚಲು ದಾರಿ ಮಾಡಿಕೊಟ್ಟಿತು. 1911ರಲ್ಲಿ ಗಿರಣಿಯಾಳಿಗೆ ಹಾಕಿದ ಮಿತಿಯೂ ಅದೇ ಅಂಕಿ. ಮೈಸೂರು ರಸ್ತೆಯ ಗಾರ್ಮೆಂಟ್ ಕಾರ್ಖಾನೆಯಿಂದ ಮನೆಗೆ ಹೋಗಿ ಒಲೆ ಹಚ್ಚಬೇಕಾದ ಹೆಂಗಸರಿಗೆ ಆ ಮೂರು ಗಂಟೆಯ ಬೆಲೆ ಏನೆಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ಗಂಟೆ ಬಾರಿಸುವ ಕೈ ಯಾವ ಕಾಲದಲ್ಲೂ ಬೇರೆಯವರದೇ ಆಗಿತ್ತು. ಎಷ್ಟು ಬಾರಿಸಬೇಕು ಎಂಬುದರಲ್ಲಿ ದುಡಿಯುವವರ ಮಾತೂ ನಡೆದದ್ದು ಕಳೆದ ನೂರು ವರ್ಷಗಳಲ್ಲಿ ಮಾತ್ರ. ಅಷ್ಟು ಕಷ್ಟಪಟ್ಟು ಪಡೆದ ಆ ಹಕ್ಕನ್ನು ಕಾಪಾಡಿಕೊಳ್ಳುವುದು ಈ ಊರಿನ ಹೊಣೆ.